ನಮ್ಮ ಏರಿಯಾ ಕ್ಲಬ್ ದೊಡ್ಡ ಕ್ಲಬ್ ಜೊತೆ ಮರ್ಜ್ ಆಗ್ತಿದೆ, ಒಪ್ಪಬೇಕಾ ಬೇಡ್ವಾ?

ಪ್ರಶ್ನೆ: ಸರ್ ನಮಸ್ತೆ. ನಾವು ಹಳೇ ದಾವಣಗೆರೆ ಕಡೆಯವರು. ನನ್ನ ಮಗಳಿಗೆ 12 ವರ್ಷ, ನಮ್ಮ ಏರಿಯಾದ ಚಿಕ್ಕ ಕ್ಲಬ್‌ನಲ್ಲಿ ಖೋಖೋ ಆಡ್ತಾಳೆ. ಕಬಡ್ಡಿನೂ ಇದೆ, ಎಲ್ಲಾ ಸೇರಿ ಒಂದು ಅರವತ್ತು ಮಕ್ಕಳು. ತಿಂಗಳಿಗೆ 100 ರೂಪಾಯಿ ಫೀಸು, ಕೊಡೋಕೆ ಆಗದವರಿಗೆ ಮೇಷ್ಟ್ರು ಕೇಳೋದೇ ಇಲ್ಲ. ಈಗ ಹೊಸ ಬಡಾವಣೆ ಕಡೆಯ ದೊಡ್ಡ ಕ್ಲಬ್ ಒಂದರ ಜೊತೆ ಮರ್ಜ್ ಮಾಡ್ತೀವಿ, ಮುಂದಿನ ತಿಂಗಳು ಮೀಟಿಂಗು ಅಂತ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಿದೆ. ಅವರ ಹತ್ರ ಮ್ಯಾಟ್ ಇದೆ, ಜಿಮ್ ಇದೆ, ಮಕ್ಕಳಿಗೆ ಒಳ್ಳೇದು ಅಂತ ಅಧ್ಯಕ್ಷರು ಹೇಳ್ತಾರೆ. ನಮಗೆ ಫೀಸು, ದೂರ, ಹೆಣ್ಣುಮಕ್ಕಳು ಸಂಜೆ ಹೋಗಿ ಬರೋದು ಎಲ್ಲಾ ಚಿಂತೆ. ಕ್ಲಬ್ ಹೆಸರಲ್ಲಿ ಬ್ಯಾಂಕ್‌ನಲ್ಲಿ ಡಿಪಾಸಿಟ್ ಬೇರೆ ಇದೆ. ವಿರೋಧ ಮಾಡಿದ್ರೆ ಮಕ್ಕಳ ಭವಿಷ್ಯಕ್ಕೆ ಕಲ್ಲು ಹಾಕ್ತಿದೀರಿ ಅಂತಾರೆ. ಏನು ಮಾಡೋದು? ಮಗಳಿಗೆ ಏನು ಹೇಳೋದು?

ಉತ್ತರ: ಮೇಡಂ ನಮಸ್ಕಾರ. ನಾನು ಸಂಘ ಸಂಸ್ಥೆಗಳ ಲೆಕ್ಕಪತ್ರ, ರಿಜಿಸ್ಟ್ರೇಷನ್ ಕೆಲಸ ಮಾಡೋನು, ಸಂಜೆ ಹೊತ್ತು ಹುಡುಗರಿಗೆ ಕಬಡ್ಡಿ ಹೇಳಿಕೊಡೋನು, ಹಾಗಾಗಿ ಎರಡೂ ಕಡೆಯಿಂದ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲನೇದಾಗಿ ನೀವು ಒಪ್ಪೋದೂ ಬೇಡ ವಿರೋಧಿಸೋದೂ ಬೇಡ, ಯಾಕಂದ್ರೆ ಒಪ್ಪೋಕೆ ಅಥವಾ ವಿರೋಧಿಸೋಕೆ ನಿಮ್ಮ ಕೈಯಲ್ಲಿ ಇನ್ನೂ ಏನೂ ಇಲ್ಲ. ಇರೋದು ಒಂದು ವಾಟ್ಸಾಪ್ ಮೆಸೇಜು. ಯಾವ ಷರತ್ತಿನ ಮೇಲೆ ಸೇರ್ತಾರೆ, ಮಕ್ಕಳು ಎಲ್ಲಿ ಪ್ರಾಕ್ಟೀಸ್ ಮಾಡ್ತಾರೆ, ಫೀಸು ಎಷ್ಟು, ಡಿಪಾಸಿಟ್ ಎಲ್ಲಿಗೆ ಹೋಗುತ್ತೆ, ಗ್ರೌಂಡ್ ಯಾರ ಹೆಸರಲ್ಲಿ ಉಳಿಯುತ್ತೆ, ಇದೆಲ್ಲಾ ಬರಹದಲ್ಲಿ ಬರೋ ತನಕ ಮೀಟಿಂಗಲ್ಲಿ ಕೈ ಎತ್ತೋಕೆ ಹೋಗಬೇಡ್ರಿ. "ಮೊದ್ಲು ಒಪ್ಪಿಗೆ ಕೊಡ್ರಿ, ಡೀಟೇಲ್ಸ್ ಆಮೇಲೆ ಕೂತು ಮಾತಾಡೋಣ" ಅಂತಾರೆ, ಖಂಡಿತ ಅಂತಾರೆ, ಆ ಮಾತಿಗೆ ಮಾತ್ರ ಬೀಳಬೇಡ್ರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನ ಇಲ್ಲ.

ಇನ್ನು ಎಲ್ಲರೂ ಫೀಸು ಫೀಸು ಅಂತ ಬಡ್ಕೊಳ್ತಾರೆ, ನನ್ನ ಕೇಳಿದ್ರೆ ಅದು ಎರಡನೇ ಪ್ರಶ್ನೆ. ಮೊದಲನೇ ಪ್ರಶ್ನೆ ಟೀಮ್ ಎಷ್ಟು ಅನ್ನೋದು.

ಲೆಕ್ಕ ಹಾಕಿ ನೋಡ್ರಿ. ಖೋಖೋ ಟೀಮಲ್ಲಿ 15 ಜನ ಇರ್ತಾರೆ, ಅದರಲ್ಲಿ ಒಂದು ಮ್ಯಾಚಿಗೆ 12 ಹೆಸರು, ಅಂಕಣಕ್ಕೆ ಇಳಿಯೋದು 9. ವಯಸ್ಸಿನ ಲೆಕ್ಕದಲ್ಲಿ 14ರ ಒಳಗಿನವರು ಸಬ್ ಜೂನಿಯರ್, 18ರ ಒಳಗಿನವರು ಜೂನಿಯರ್. ಈಗ ನಿಮ್ಮ ಕ್ಲಬ್‌ನಿಂದ ಸಬ್ ಜೂನಿಯರ್ ಹುಡುಗಿಯರ ಟೀಮ್ ಒಂದು ಹೋಗುತ್ತೆ, ದೊಡ್ಡ ಕ್ಲಬ್‌ನಿಂದ ಒಂದು ಹೋಗುತ್ತೆ ಅಂತ ಇಟ್ಕೊಳ್ರಿ, 30 ಹುಡುಗಿಯರ ಹೆಸರು ಟೂರ್ನಮೆಂಟ್ ಶೀಟ್‌ನಲ್ಲಿ ಬರುತ್ತೆ. ನಮ್ಮ ಕಡೆ ಟೂರ್ನಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕ್ಲಬ್‌ಗೆ ಒಂದು ವಯಸ್ಸಿನ ಗುಂಪಲ್ಲಿ ಒಂದೇ ಎಂಟ್ರಿ, ಎ ಟೀಮ್ ಬಿ ಟೀಮ್ ಬಿಡೋದು ನಡೆಸೋರ ಮರ್ಜಿ. ಮರ್ಜ್ ಆದ ಮೇಲೆ ಒಂದೇ ಕ್ಲಬ್, ಒಂದೇ ಟೀಮ್, 15 ಹುಡುಗಿಯರು. ಉಳಿದ 15 ಎಲ್ಲಿ ಹೋದ್ರು? ಯಾರೂ ಅವರನ್ನ ತೆಗೆದು ಹಾಕಲ್ಲ, ಪ್ರಾಕ್ಟೀಸ್‌ಗೆ ಬರ್ತಾನೇ ಇರ್ತಾರೆ, ಫೀಸ್ ಕಟ್ತಾನೇ ಇರ್ತಾರೆ, ಮ್ಯಾಚ್ ದಿವಸ ಮಾತ್ರ ನೀರಿನ ಬಾಟ್ಲಿ ಹಿಡ್ಕೊಂಡು ಗೆರೆ ಆಚೆ ಕೂತಿರ್ತಾರೆ. ಒಂದು ವರ್ಷ ಕೂರ್ತಾರೆ, ಎರಡನೇ ವರ್ಷ ಟ್ಯೂಷನ್ ಇದೆ ಅಂತ ಬಿಡ್ತಾರೆ.

ಇದರಲ್ಲಿ ಬಿಟ್ಟು ಹೋಗೋರು ಯಾರು ಅಂತಾನೂ ಯೋಚನೆ ಮಾಡ್ರಿ. ಟೀಮಿನ ಮೊದಲ ನಾಲ್ಕೈದು ಹುಡುಗಿಯರಿಗೆ ಏನೂ ಆಗಲ್ಲ, ಅವರು ಎಲ್ಲಿದ್ರೂ ಆಡ್ತಾರೆ, ಹೇಳಬೇಕಂದ್ರೆ ಅವರಿಗೆ ದೊಡ್ಡ ಕ್ಲಬ್ ಲಾಭವೇ. ಹೊಡೆತ ಬೀಳೋದು ಹತ್ತನೇ ಹನ್ನೊಂದನೇ ನಂಬರಿನ ಮಕ್ಕಳಿಗೆ. ಹನ್ನೊಂದು ಹನ್ನೆರಡು ವರ್ಷಕ್ಕೆ ಯಾವ ಹುಡುಗಿ ಮುಂದೆ ಚೆನ್ನಾಗಿ ಓಡ್ತಾಳೆ ಅಂತ ಹೇಳೋದು ಕಷ್ಟ, ಈಗ ಅಂಕಣದ ಪೋಲ್ (ಕಂಬ) ಹತ್ರ ತಿರುಗೋಕೆ ತಡಬಡಾಯಿಸೋಳು ಹದಿನೈದಕ್ಕೆ ಕೈ ಕಾಲು ಉದ್ದ ಬಂದ ಮೇಲೆ ಯಾರ ಕೈಗೂ ಸಿಗದೇ ಇರಬಹುದು. ಅಲ್ಲಿ ತನಕ ಅವಳನ್ನ ಆಟದಲ್ಲಿ ಇಟ್ಕೊಳ್ಳೋದೇ ಸಣ್ಣ ಕ್ಲಬ್ ಕೆಲಸ. ಆ ಕೆಲಸಕ್ಕೆ ಕಪ್ ಬರಲ್ಲ, ಪೇಪರ್‌ನಲ್ಲಿ ಫೋಟೋನೂ ಬರಲ್ಲ, ಹಾಗಾಗಿ ಮೀಟಿಂಗಲ್ಲಿ ಯಾರೂ ಅದರ ಬಗ್ಗೆ ಮಾತಾಡಲ್ಲ.

ಹಂಗಂತ ದೊಡ್ಡ ಕ್ಲಬ್‌ನವರು ಹೇಳೋದು ಸುಳ್ಳು ಅಂತ ಅಲ್ಲ. ಮ್ಯಾಟ್ ವಿಷಯ ನಿಜವಾದ ವಿಷಯ. ದೊಡ್ಡ ಮಟ್ಟದ ಕಬಡ್ಡಿ ಪೂರ್ತಿ ಮ್ಯಾಟ್‌ಗೆ ಹೋಗಿದೆ, 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲಂತೂ ಕೇಳೋದೇ ಬೇಡ, ಖೋಖೋನೂ ಅದೇ ದಾರಿ, 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಆಯ್ತಲ್ಲ, ಗಂಡಸರು ಹೆಂಗಸರು ಎರಡೂ ನಮ್ಮವರೇ ಗೆದ್ರು, ಅದೂ ಮ್ಯಾಟ್ ಮೇಲೇ ನಡೆದಿದ್ದು. ಮಣ್ಣಲ್ಲಿ ಬರಿಗಾಲಲ್ಲಿ ಆಡಿ ಬೆಳೆದ ಹುಡುಗ ಮೊದಲನೇ ಸಲ ಶೂ ಹಾಕ್ಕೊಂಡು ಮ್ಯಾಟ್ ಮೇಲೆ ಇಳಿದಾಗ ಕಾಲು ಹಿಡಿಯುತ್ತೆ, ಮಣ್ಣಲ್ಲಿ ಜಾರಿಕೊಂಡು ತಿರುಗೋ ಅಭ್ಯಾಸ ಇರುತ್ತೆ, ಮ್ಯಾಟ್ ಜಾರೋಕೆ ಬಿಡಲ್ಲ, ಮೊಣಕಾಲು ತಿರುಚಿಕೊಳ್ಳುತ್ತೆ. ಜಿಲ್ಲಾ ಟೀಮಿಗೆ ಸೆಲೆಕ್ಟ್ ಆಗಿ ರಾಜ್ಯ ಮಟ್ಟಕ್ಕೆ ಹೋಗೋ ಹದಿನಾರು ಹದಿನೇಳರ ಹುಡುಗ ಹುಡುಗಿಯರಿಗೆ ಮ್ಯಾಟ್ ಬೇಕೇ ಬೇಕು. ಅದನ್ನ ಸಣ್ಣ ಕ್ಲಬ್ ಕೊಡೋಕೆ ಆಗಲ್ಲ, ಸುಮ್ನೆ ಅಭಿಮಾನಕ್ಕೆ ಅಂತ ಅವರನ್ನ ಕಟ್ಟಿ ಹಾಕಿದ್ರೆ ಅದೂ ತಪ್ಪೇ. ಒಟ್ಟಲ್ಲಿ ಹದಿನೇಳರವರಿಗೆ ಒಳ್ಳೇದು, ಹನ್ನೆರಡರವರಿಗೆ ನಷ್ಟ. ಒಂದೇ ಕ್ಲಬ್‌ನ ಒಳಗೇ ಎರಡು ಥರದ ಅಪ್ಪ ಅಮ್ಮಂದಿರು ಯಾಕೆ ಜಗಳ ಆಡ್ತಾರೆ ಅನ್ನೋದು ಇದರಲ್ಲೇ ಇದೆ, ಇಬ್ಬರೂ ತಮ್ಮ ತಮ್ಮ ಮಕ್ಕಳ ಲೆಕ್ಕದಲ್ಲಿ ಸರಿ.

ಈಗ ಪೇಪರ್ ವಿಷಯ. ಜನ ಬಾಯಲ್ಲಿ ಮರ್ಜ್ ಅಂತಾರೆ, ಆದ್ರೆ ನಾನು ನೋಡಿರೋ ಹಾಗೆ ಆ ಒಂದು ಪದದ ಕೆಳಗೆ ಬೇರೆ ಬೇರೆ ವ್ಯವಹಾರ ನಡೆಯುತ್ತೆ. ಕೆಲವು ಕಡೆ ನಿಜವಾಗ್ಲೂ ಒಂದು ಸಂಘ ಇನ್ನೊಂದರಲ್ಲಿ ಕಾನೂನು ಪ್ರಕಾರ ಸೇರುತ್ತೆ. ಇನ್ನು ಕೆಲವು ಕಡೆ, ಇದೇ ಜಾಸ್ತಿ, ಪೇಪರ್‌ನಲ್ಲಿ ಏನೂ ಆಗಲ್ಲ, ನಿಮ್ಮ ಅಧ್ಯಕ್ಷರು ಕಾರ್ಯದರ್ಶಿ ಹೋಗಿ ಆ ಕ್ಲಬ್ ಕಮಿಟಿಯಲ್ಲಿ ಒಂದೊಂದು ಕುರ್ಚಿ ಹಿಡೀತಾರೆ, ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗ್ತಾರೆ, ಹಳೇ ಸಂಘ ಹಾಗೇ ಕಾಗದದ ಮೇಲೆ ಉಸಿರಾಡ್ತಾ ಬಿದ್ದಿರುತ್ತೆ, ಅದರ ಡಿಪಾಸಿಟ್ಟು ಅದರ ಲೀಸು ಎಲ್ಲಾ ಇಬ್ಬರು ಮೂವರ ಸಹಿಯಲ್ಲಿ. ನಾಲ್ಕು ವರ್ಷ ಆದ ಮೇಲೆ ಅದೇ ಜಗಳಕ್ಕೆ ನಮ್ಮಂಥವರ ಹತ್ರ ಬರ್ತಾರೆ. ಮತ್ತೆ ಮೂರನೇದು ಇದೆ, ಬರೀ ಟೈ ಅಪ್, ಇಬ್ಬರೂ ಅವರವರ ಜಾಗದಲ್ಲೇ ಇದ್ದು ಇಂತಿಂಥದ್ದು ಹಂಚ್ಕೊಳ್ಳೋಣ ಅಂತ ಒಪ್ಪಂದ. ನಿಮ್ಮ ಅಧ್ಯಕ್ಷರು ಹೇಳ್ತಿರೋದು ಇದರಲ್ಲಿ ಯಾವುದು ಅಂತ ನೇರವಾಗಿ ಕೇಳ್ರಿ. ಅವರಿಗೇ ಗೊತ್ತಿಲ್ಲದೇ ಇರೋ ಸಾಧ್ಯತೆ ಜಾಸ್ತಿ.

ನಿಮ್ಮ ಕ್ಲಬ್ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಆಗಿದ್ರೆ, ಬ್ಯಾಂಕ್‌ನಲ್ಲಿ ಸಂಘದ ಹೆಸರಲ್ಲೇ ಡಿಪಾಸಿಟ್ ಇದೆ ಅಂದ್ರೆ ಬಹುತೇಕ ಆಗಿರುತ್ತೆ, ಸಂಘವನ್ನ ಮುಚ್ಚೋದು ಸೇರಿಸೋದು ಇಂಥದ್ದನ್ನೆಲ್ಲಾ ಕಮಿಟಿ ಒಂದೇ ಕೂತು ತೀರ್ಮಾನ ಮಾಡೋಕೆ ಆಗಲ್ಲ. ಸದಸ್ಯರ ಸರ್ವ ಸಭೆ ಕರೀಬೇಕು, ಬೈಲಾದಲ್ಲಿ, ಅಂದ್ರೆ ಸಂಘದ ನಿಯಮಾವಳಿಯಲ್ಲಿ, ಎಷ್ಟು ದಿನ ಮುಂಚೆ ಹೇಗೆ ನೋಟಿಸ್ ಕೊಡಬೇಕು ಅಂತ ಇರುತ್ತೋ ಹಾಗೇ ಕೊಡಬೇಕು, ಅಜೆಂಡಾದಲ್ಲಿ ವಿಷಯ ಸ್ಪಷ್ಟವಾಗಿ ಇರಬೇಕು, "ಇತರೆ ವಿಷಯಗಳು" ಅಂತ ಕೊನೆಯಲ್ಲಿ ತೂರಿಸೋ ಹಾಗಿಲ್ಲ, ಸಾಮಾನ್ಯ ಬಹುಮತ ಸಾಲದು ವಿಶೇಷ ಬಹುಮತ ಬೇಕು. ಡಿಪಾಸಿಟ್ ಬಗ್ಗೆ ಕೇಳಿದ್ರಲ್ಲ, ಸಂಘ ಮುಚ್ಚಿದ್ರೂ ಆ ದುಡ್ಡನ್ನ ಸದಸ್ಯರು ಹಂಚ್ಕೊಳ್ಳೋ ಹಾಗಿಲ್ಲ, ಸಾಲ ಗೀಲ ತೀರಿಸಿ ಉಳಿದಿದ್ದು ಇನ್ನೊಂದು ಸಂಘಕ್ಕೇ, ಸಾಮಾನ್ಯವಾಗಿ ಅದೇ ಥರದ ಉದ್ದೇಶ ಇರೋದಕ್ಕೆ, ಹೋಗಬೇಕು. ಹಾಗಾಗಿ "ಎಲ್ರಿಗೂ ಒಂದಿಷ್ಟು ವಾಪಸ್ ಕೊಡ್ತೀವಿ" ಅಂತ ಯಾರಾದ್ರೂ ಅಂದ್ರೆ ಅದು ಆಗದ ಮಾತು.

ಇಲ್ಲಿ ಅಪ್ಪ ಅಮ್ಮಂದಿರು ಎಡವೋ ಜಾಗ ಒಂದಿದೆ. ಮಗು ಕ್ಲಬ್‌ನಲ್ಲಿ ಆಡುತ್ತೆ, ನೀವು ಫೀಸ್ ಕಟ್ತೀರಿ, ಆದ್ರೆ ಅದರಿಂದ ನೀವು ಸಂಘದ ಸದಸ್ಯರು ಆಗಲ್ಲ. ಸದಸ್ಯತ್ವದ ರಿಜಿಸ್ಟರ್ ಅಂತ ಒಂದು ಪುಸ್ತಕ ಇರುತ್ತೆ, ಅದರಲ್ಲಿ ಹೆಸರಿದ್ದು ವಾರ್ಷಿಕ ಚಂದಾ ಕಟ್ಟಿರೋರಿಗೆ ಮಾತ್ರ ವೋಟು. ಎಷ್ಟೋ ಕ್ಲಬ್‌ಗಳಲ್ಲಿ ಆ ಪುಸ್ತಕ ತೆಗೆದು ನೋಡಿದ್ರೆ ಸಂಘ ಶುರು ಮಾಡಿದಾಗಿನ ಹತ್ತಿಪ್ಪತ್ತು ಹೆಸರೇ ಇರ್ತವೆ, ಅದರಲ್ಲಿ ಕೆಲವರು ಊರು ಬಿಟ್ಟಿರ್ತಾರೆ, ಕೆಲವರು ಲೋಕಾನೇ ಬಿಟ್ಟಿರ್ತಾರೆ. ಮೊದಲು ಆ ಪುಸ್ತಕ ನೋಡ್ರಿ. ಈಗ ಹೊಸದಾಗಿ ಸದಸ್ಯರಾಗಬಹುದಾ, ಆದ್ರೆ ತಕ್ಷಣ ವೋಟ್ ಸಿಗುತ್ತಾ ಅನ್ನೋದು ಬೈಲಾದಲ್ಲಿ ಇರುತ್ತೆ, ಕೆಲವು ಬೈಲಾದಲ್ಲಿ ಇಷ್ಟು ತಿಂಗಳು ಆಗಿರಬೇಕು ಅಂತ ಹಾಕಿರ್ತಾರೆ. ಬೈಲಾ ಕಾರ್ಯದರ್ಶಿ ಹತ್ರ ಸಿಗಲಿಲ್ಲ ಅಂದ್ರೆ ತಲೆ ಕೆಡಿಸ್ಕೋಬೇಡ್ರಿ, ಜಿಲ್ಲಾ ಸಂಘಗಳ ನೋಂದಣಾಧಿಕಾರಿ, ಅಂದ್ರೆ ಸಹಕಾರ ಸಂಘಗಳ ಉಪನಿಬಂಧಕರ ಆಫೀಸಲ್ಲಿ ಅರ್ಜಿ ಕೊಟ್ಟು ಶುಲ್ಕ ಕಟ್ಟಿದ್ರೆ ದೃಢೀಕೃತ ನಕಲು ಸಿಗುತ್ತೆ. ಹಾಗೇ ಪ್ರತಿ ವರ್ಷ ಕಮಿಟಿ ಪಟ್ಟಿ, ಆಡಿಟ್ ಆದ ಲೆಕ್ಕ ಅಲ್ಲಿ ಫೈಲ್ ಮಾಡಬೇಕು, ಕೊನೇ ಸಲ ಯಾವ ವರ್ಷದ್ದು ಫೈಲ್ ಆಗಿದೆ ಅಂತ ಕೇಳ್ರಿ. ಸಣ್ಣ ಕ್ಲಬ್‌ಗಳಲ್ಲಿ ಎಷ್ಟೋ ವರ್ಷದ್ದು ಬಾಕಿ ಇರುತ್ತೆ, ಅದನ್ನ ದಂಡ ಕಟ್ಟಿ ಸರಿ ಮಾಡದೇ ಮುಂದಿನ ಯಾವ ಕಾಗದವೂ ನೆಟ್ಟಗೆ ಓಡಲ್ಲ. ನಿಮಗೆ ಟೈಮ್ ಬೇಕಿದ್ರೆ ಇದೂ ಒಂದು ನ್ಯಾಯವಾದ ಕಾರಣ, ಮೊದಲು ಲೆಕ್ಕ ಕ್ಲಿಯರ್ ಮಾಡ್ರಿ ಆಮೇಲೆ ಮರ್ಜ್ ಮಾತಾಡೋಣ ಅನ್ನಬಹುದು. ತೀರಾ ಕೈ ಮೀರಿದ್ರೆ ಸದಸ್ಯರಲ್ಲಿ ಮೂರನೇ ಒಂದು ಭಾಗ ಸಹಿ ಹಾಕಿ ಅರ್ಜಿ ಕೊಟ್ರೆ ಕಾಯ್ದೆಯ 25ನೇ ಕಲಂ ಪ್ರಕಾರ ವಿಚಾರಣೆಗೂ ದಾರಿ ಇದೆ, ಆದ್ರೆ ಅದನ್ನ ಮೊದಲೇ ಹಿಡ್ಕೊಂಡು ಹೋಗಬೇಡ್ರಿ, ವಿಚಾರಣೆ ಶುರುವಾದ್ರೆ ಮಕ್ಕಳ ಆಟ ನಿಂತು ದೊಡ್ಡವರ ಆಟ ಶುರುವಾಗುತ್ತೆ.

ಸರಿ, ಗ್ರೌಂಡ್‌ಗೆ ಬರ್ತೀನಿ, ಯಾಕಂದ್ರೆ ದಾವಣಗೆರೆಯಂಥ ಊರಲ್ಲಿ ಸಣ್ಣ ಕ್ಲಬ್‌ನ ನಿಜವಾದ ಆಸ್ತಿ ಅಂದ್ರೆ ಅದೇ. ಡಿಪಾಸಿಟ್ ಇವತ್ತಿದೆ ನಾಳೆ ಖರ್ಚಾಗುತ್ತೆ, ಕಪ್‌ಗಳು ಬೀರುವಲ್ಲಿ ಕಪ್ಪಾಗ್ತಾವೆ. ಖೋಖೋ ಅಂಕಣಕ್ಕೆ 27 ಮೀಟರ್ ಉದ್ದ 16 ಮೀಟರ್ ಅಗಲ ಬೇಕು, ಸುತ್ತ ಓಡಾಡೋ ಜಾಗ ಬೇರೆ, ಕಬಡ್ಡಿಗೆ ಗಂಡಸರದ್ದು 13 ಮೀಟರ್ 10 ಮೀಟರ್. ಮನೆ ಹತ್ರ, ಹುಡುಗಿಯರು ನಡ್ಕೊಂಡು ಹೋಗಿ ಬರೋ ದೂರದಲ್ಲಿ, ಇಷ್ಟು ಖಾಲಿ ಜಾಗ ಈಗ ಎಲ್ಲಿ ಸಿಗುತ್ತೆ ಹೇಳ್ರಿ. ಸಂಜೆ ಐದಕ್ಕೆ ನಿಮ್ಮ ಗ್ರೌಂಡ್‌ಗೆ ಒಂದು ಸಲ ಹೋಗಿ ನಿಂತು ನೋಡ್ರಿ. ಇಬ್ಬರು ಹುಡುಗರು ಟ್ಯಾಂಕ್‌ನಿಂದ ಕೊಡಪಾನದಲ್ಲಿ ನೀರು ತಂದು ಮಣ್ಣಿಗೆ ಚಿಮುಕಿಸ್ತಿರ್ತಾರೆ, ಜಾಸ್ತಿ ಆದ್ರೆ ಕೆಸರು ಕಮ್ಮಿ ಆದ್ರೆ ಧೂಳು, ಆ ಹದ ಅವರಿಗೆ ಗೊತ್ತಿರುತ್ತೆ. ಒಬ್ಬಳು ತೂತು ಮಾಡಿದ ಡಬ್ಬದಲ್ಲಿ ಸುಣ್ಣದ ಪುಡಿ ಹಾಕ್ಕೊಂಡು ಗೆರೆ ಹಾಕ್ತಿರ್ತಾಳೆ, ಸೊಟ್ಟ ಆಯ್ತು ಅಂತ ಇನ್ನೊಬ್ಬಳು ಬೈತಿರ್ತಾಳೆ. ಮೇಷ್ಟ್ರು ಬರೋಷ್ಟರಲ್ಲಿ ಅಂಕಣ ರೆಡಿ. ದೊಡ್ಡ ಕ್ಲಬ್‌ನಲ್ಲಿ ಮ್ಯಾಟ್ ಹಾಸಿರುತ್ತೆ, ಗೆರೆ ಹಾಕೋ ಕೆಲಸವೇ ಇಲ್ಲ, ಅದು ಒಳ್ಳೇದೇ, ಆದ್ರೆ ಆ ಮ್ಯಾಟ್ ಮೇಲೆ ನಿಮ್ಮ ಮಗಳಿಗೆ ದಿನಕ್ಕೆ ಎಷ್ಟು ನಿಮಿಷ ಸಿಗುತ್ತೆ ಅಂತ ಕೇಳ್ಕೊಳ್ರಿ. ಒಂದೇ ಮ್ಯಾಟು, ಸೀನಿಯರ್ ಇದಾರೆ, ಜೂನಿಯರ್ ಇದಾರೆ, ಗಂಡುಮಕ್ಕಳು ಇದಾರೆ, ಸಬ್ ಜೂನಿಯರ್ ಹುಡುಗಿಯರ ಸರದಿ ಬರೋದು ಕೊನೆಗೇ.

ಆ ಗ್ರೌಂಡ್ ಯಾರದ್ದು ಅಂತ ಪತ್ತೆ ಹಚ್ಚಿ. ಮಹಾನಗರ ಪಾಲಿಕೆಯ ಪಾರ್ಕ್ ಜಾಗನಾ, ಸರ್ಕಾರಿ ಶಾಲೆ ಮೈದಾನನಾ, ದೂಡಾ, ಅಂದ್ರೆ ನಗರಾಭಿವೃದ್ಧಿ ಪ್ರಾಧಿಕಾರದವರು, ಸಾರ್ವಜನಿಕ ಸೌಲಭ್ಯಕ್ಕೆ ಅಂತ ಕೊಟ್ಟಿರೋ ಸಿಎ ಸೈಟಾ. ಸಿಎ ಸೈಟ್ ಆದ್ರೆ ಅದು ಮಾರಾಟ ಅಲ್ಲ, ಲೀಸ್, ಸಾಮಾನ್ಯವಾಗಿ 30 ವರ್ಷಕ್ಕೆ, ಯಾವ ಸಂಘಕ್ಕೆ ಯಾವ ಉದ್ದೇಶಕ್ಕೆ ಕೊಟ್ಟಿದಾರೋ ಅದಕ್ಕೇ, ಪ್ರಾಧಿಕಾರದ ಅನುಮತಿ ಇಲ್ಲದೇ ಇನ್ನೊಬ್ಬರಿಗೆ ದಾಟಿಸೋ ಹಾಗಿಲ್ಲ. ಸಂಘ ಮುಚ್ಚಿದ್ರೆ ಲೀಸ್ ತಾನಾಗೇ ದೊಡ್ಡ ಕ್ಲಬ್‌ಗೆ ಹೋಗಲ್ಲ, ವಾಪಸ್ ಹೋಗೋ ಅಪಾಯನೂ ಇದೆ. ಶಾಲೆ ಮೈದಾನ ಆದ್ರೆ ಬಹುಶಃ ಹೆಡ್ ಮಾಸ್ಟರ್ ಮತ್ತೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರು ಬಾಯಿ ಮಾತಲ್ಲಿ "ಆಡ್ಕೊಳ್ಳಿ ಬಿಡ್ರಿ" ಅಂದಿರ್ತಾರೆ, ಆ ಮಾತು ಕೊಟ್ಟಿರೋದು ನಿಮ್ಮ ಮೇಷ್ಟ್ರ ಮುಖ ನೋಡಿ, ಬೇರೆ ಏರಿಯಾದ ಕ್ಲಬ್ ಬೋರ್ಡ್ ಬಂದು ನಿಂತ್ರೆ ಆ ಮಾತು ಉಳಿಯುತ್ತೆ ಅಂತ ಗ್ಯಾರಂಟಿ ಇಲ್ಲ. ಒಂದು ಸಲ ಮಕ್ಕಳು ಮೂರ್ನಾಲ್ಕು ತಿಂಗಳು ಆ ಕಡೆ ಹೋಗಿ ಈ ಗ್ರೌಂಡ್ ಖಾಲಿ ಬಿತ್ತು ಅಂದ್ರೆ ಮುಗೀತು, ಕಾರ್ ಪಾರ್ಕಿಂಗ್ ಶುರುವಾಗುತ್ತೆ, ಮರಳು ಜಲ್ಲಿ ಬಂದು ಬೀಳುತ್ತೆ, ಆಮೇಲೆ ಯಾರು ಬಂದ್ರೂ ಬಿಡಿಸೋಕೆ ಆಗಲ್ಲ. ಮರ್ಜ್ ಆದದ್ದನ್ನ ಬಿಡಿಸ್ಕೊಂಡು ಬರೋದು ಯಾಕೆ ಕಷ್ಟ ಅಂದ್ರೆ ಇದಕ್ಕೇ, ಕಾಗದ ಸರಿ ಮಾಡ್ಕೋಬಹುದು, ಹೋದ ಜಾಗ ಬರಲ್ಲ.

ದೊಡ್ಡ ಕ್ಲಬ್‌ಗೆ ನಿಮ್ಮ ಸಣ್ಣ ಕ್ಲಬ್ ಯಾಕೆ ಬೇಕು ಅಂತ ಯಾರೂ ಕೇಳಲ್ಲ, ನೀವು ಕೇಳ್ರಿ, ತಪ್ಪೇನಿಲ್ಲ. ಒಳ್ಳೇ ಕಾರಣ ಇರಬಹುದು, ಪ್ರತಿಭೆ ಬೇಕಿರಬಹುದು. ಗ್ರೌಂಡ್ ಮೇಲೆ ಕಣ್ಣಿರಬಹುದು. ನಮ್ಮಲ್ಲಿ ಇಷ್ಟು ಮಕ್ಕಳಿದಾರೆ ಅಂತ ಅನುದಾನಕ್ಕೆ, ಸ್ಪಾನ್ಸರ್‌ಗೆ ತೋರಿಸೋಕೆ ಇರಬಹುದು. ಇನ್ನೊಂದು, ಇದನ್ನ ಹೊರಗಿನವರು ಯೋಚಿಸೋದೇ ಇಲ್ಲ, ಜಿಲ್ಲಾ ಅಸೋಸಿಯೇಷನ್ ಎಲೆಕ್ಷನ್ ಅಂತ ಒಂದಿರುತ್ತೆ, ಅಲ್ಲಿ ಮಾನ್ಯತೆ ಪಡೆದ ಕ್ಲಬ್‌ಗಳ ಪ್ರತಿನಿಧಿಗಳು ವೋಟ್ ಹಾಕ್ತಾರೆ. ಎಲೆಕ್ಷನ್ ಹತ್ರ ಬಂದಾಗ ಸಣ್ಣ ಕ್ಲಬ್‌ಗಳ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕೋದನ್ನ ನಾನು ನೋಡಿದೀನಿ. ನಿಮ್ಮ ಕೇಸಲ್ಲಿ ಹಾಗೇ ಅಂತ ಹೇಳ್ತಿಲ್ಲ, ಎಲೆಕ್ಷನ್ ಯಾವಾಗ ಅಂತ ವಿಚಾರಿಸಿ ಇಟ್ಕೊಳ್ರಿ ಅಷ್ಟೇ.

ಮೇಷ್ಟ್ರ ಬಗ್ಗೆ ನಿಮ್ಮ ಪತ್ರದಲ್ಲಿ ಒಂದೇ ಸಾಲಿದೆ, ನನಗೆ ಅದೇ ಮುಖ್ಯ ಅನ್ನಿಸ್ತು. ಫೀಸ್ ಕೊಡೋಕೆ ಆಗದವರನ್ನ ಕೇಳದೇ ಇರೋ ಮೇಷ್ಟ್ರು ಅಂದ್ರಲ್ಲ, ಅವರ ಅಭಿಪ್ರಾಯ ಏನು? ಮೀಟಿಂಗಲ್ಲಿ ಎಲ್ಲರ ಮುಂದೆ ಕೇಳಬೇಡ್ರಿ, ಅಧ್ಯಕ್ಷರು ಕೂತಿರುವಾಗ ಅವರು "ಎಲ್ಲಾ ಒಳ್ಳೇದೇ" ಅಂತಾರೆ. ಮುಂಚೆನೇ ಅವರ ಮನೆಗೆ ಹೋಗಿ ಕೇಳ್ರಿ. ಹೊಸ ಕಡೆ ಅವರಿಗೆ ಏನು ಜವಾಬ್ದಾರಿ, ಸಂಬಳ ಇದೆಯಾ, ಈ ಮಕ್ಕಳ ಬ್ಯಾಚ್ ಅವರ ಕೈಯಲ್ಲೇ ಇರುತ್ತಾ ಅಥವಾ ಅಸಿಸ್ಟೆಂಟ್ ಅಂತ ಮಾಡಿ ವಿಷಲ್ ಕೊಟ್ಟು ಮೂಲೆಗೆ ನಿಲ್ಲಿಸ್ತಾರಾ. ಮಕ್ಕಳು ಕ್ಲಬ್ ಹಿಂದೆ ಹೋಗಲ್ಲ, ಮೇಷ್ಟ್ರ ಹಿಂದೆ ಹೋಗ್ತಾರೆ. ಮೇಷ್ಟ್ರಿಗೆ ವಯಸ್ಸಾಗಿದೆ, ಇನ್ನೊಂದೆರಡು ವರ್ಷಕ್ಕೆ ಬಿಡ್ತಾರೆ, ಅವರ ಜಾಗಕ್ಕೆ ಯಾರೂ ಇಲ್ಲ, ಕಮಿಟಿಯಲ್ಲಿ ಕೆಲಸ ಮಾಡೋರು ಮೂರೇ ಜನ ಅನ್ನೋ ಪರಿಸ್ಥಿತಿ ಇದ್ರೆ ನಾನೇ ಹೇಳ್ತೀನಿ ಮರ್ಜ್ ಆಗ್ರಿ ಅಂತ, ಆಗದಿದ್ರೆ ಕ್ಲಬ್ ತಾನಾಗೇ ಸೊರಗಿ ಹೋಗುತ್ತೆ, ಆಗ ಚೌಕಾಸಿ ಮಾಡೋಕೆ ಕೈಯಲ್ಲಿ ಏನೂ ಇರಲ್ಲ.

ದೂರದ ಚಿಂತೆ ಬಗ್ಗೆ ನಾನೇನು ಹೇಳೋದು, ನಿಮಗೇ ಗೊತ್ತು. ಹಳೇ ಊರಿಂದ ಹೊಸ ಬಡಾವಣೆ ಕಡೆ ಸಂಜೆ ಹೊತ್ತು, ಮಧ್ಯೆ ಟ್ರಾಫಿಕ್ ಕಾಟ, ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾ. ಮನೆ ಹತ್ರ ಇದ್ದಾಗ ಒಂದೂವರೆ ಗಂಟೆಯಲ್ಲಿ ಮುಗೀತಿದ್ದ ಆಟಕ್ಕೆ ಮೂರು ಗಂಟೆ ಬೇಕಾಗುತ್ತೆ, ಗಂಡುಮಕ್ಕಳು ಸೈಕಲ್ ಹತ್ತಿ ಹೋಗ್ತಾರೆ, ಹುಡುಗಿಯರ ಮನೆಯಲ್ಲಿ ಮೊದಲು ಬೇಡ ಅಂತಾರೆ. ಹಾಗಾಗಿ ಷರತ್ತು ಒಂದೇ ಒಂದು ಹಾಕೋಕೆ ಅವಕಾಶ ಸಿಕ್ಕಿದ್ರೂ ಇದನ್ನೇ ಹಾಕ್ರಿ: 14ರ ಒಳಗಿನ ಮಕ್ಕಳ ಪ್ರಾಕ್ಟೀಸ್ ಇದೇ ಗ್ರೌಂಡ್‌ನಲ್ಲಿ ನಡೀಬೇಕು, ವಾರಕ್ಕೆ ಇಷ್ಟು ದಿನ ಅಂತ ಬರೆದಿರಬೇಕು, ಅವರದ್ದೇ ಪ್ರತ್ಯೇಕ ಟೀಮ್ ಟೂರ್ನಮೆಂಟ್‌ಗೆ ಹೋಗಬೇಕು. ಹೊರಗೂರಿಗೆ ಹೋಗುವಾಗ ಹುಡುಗಿಯರ ಜೊತೆ ಒಬ್ಬರು ಹೆಂಗಸು ಇರಲೇಬೇಕು, ಒಬ್ಬರೇ ಕೋಚ್ ಜೊತೆ ಕಳಿಸೋದಿಲ್ಲ ಅನ್ನೋದನ್ನೂ ಬರೆಸ್ರಿ, 18ರ ಒಳಗಿನ ಎಲ್ಲಾ ಮಕ್ಕಳಿಗೂ ಲೈಂಗಿಕ ದೌರ್ಜನ್ಯದಿಂದ ರಕ್ಷಣೆಗೆ 2012ರ ಪೋಕ್ಸೋ ಕಾಯ್ದೆ ಇದೆ, ದೂರು ಬಂದ್ರೆ ಯಾರಿಗೆ ಹೇಳಬೇಕು ಅಂತ ಆ ಕ್ಲಬ್‌ನಲ್ಲಿ ಗೊತ್ತುಪಡಿಸಿದವರು ಇದಾರಾ ಅಂತ ಕೇಳೋಕೆ ಸಂಕೋಚ ಬೇಡ. ಇದಕ್ಕೆ ಮುಖ ಸಿಂಡರಿಸಿದ್ರೆ ಅದೇ ಉತ್ತರ.

ಫೀಸಿಗೆ ಬಂದ್ರೆ, ಈಗಿರೋ ಮಕ್ಕಳಿಗೆ ಕನಿಷ್ಠ ಎರಡು ವರ್ಷ ಏರಿಸಲ್ಲ, ಕೊಡೋಕೆ ಆಗದವರಿಗೆ ವಿನಾಯಿತಿ ಮುಂದುವರಿಯುತ್ತೆ ಅಂತ ಬರೆಸ್ಕೊಳ್ರಿ, ಡ್ರೆಸ್ಸು ಶೂಸು ಎಂಟ್ರಿ ಫೀ ಅಂತ ಬೇರೆ ಬೇರೆ ಹೆಸರಲ್ಲಿ ಬರೋದನ್ನೂ ಸೇರಿಸಿ. "ಹೈ ಲೆವೆಲ್ ಕೋಚಿಂಗ್‌ಗೆ ದುಡ್ಡು ಬೇಕಾಗುತ್ತೆ" ಅಂದ್ರೆ, ನಿಜವಾಗ್ಲೂ ಮೇಲೆ ಹೋಗೋ ಮಕ್ಕಳಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲ್‌ಗಳಿವೆ, ಸೆಲೆಕ್ಷನ್ ಆದ್ರೆ ಊಟ ವಸತಿ ಕೋಚಿಂಗ್ ಎಲ್ಲಾ ಸರ್ಕಾರದ್ದೇ. ನಮ್ಮ ದಾವಣಗೆರೆ ಹಾಸ್ಟೆಲ್‌ನಿಂದ ಎಂಥೆಂಥ ಕುಸ್ತಿ ಪಟುಗಳು ಬಂದಿದಾರೆ ಅಂತ ಗರಡಿಮನೆ ಕಡೆ ಯಾರನ್ನ ಕೇಳಿದ್ರೂ ಹೇಳ್ತಾರೆ.

ಸರ್ಟಿಫಿಕೇಟ್ ಬಗ್ಗೆ ಸುಮಾರು ಜನ ಹೆದರ್ತಾರೆ, ಕ್ಲಬ್ ಹೆಸರು ಹೋದ್ರೆ ಹಳೇ ಸರ್ಟಿಫಿಕೇಟ್ ವೇಸ್ಟಾ ಅಂತ. ಇಲ್ಲ. ಮುಂದೆ ಸಿಇಟಿ ಸ್ಪೋರ್ಟ್ಸ್ ಕೋಟಾ ಅಂತ ಲೆಕ್ಕಕ್ಕೆ ಬರೋದು ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ್ದು, ಮಾನ್ಯತೆ ಇರೋ ಸಂಸ್ಥೆ ಕೊಟ್ಟಿದ್ದು. ಕ್ಲಬ್ ಹೆಸರಿನ ಕಾಗದ ಅಲ್ಲಿ ನಡೆಯಲ್ಲ. ಒರಿಜಿನಲ್ ಎಲ್ಲಾ ನಿಮ್ಮ ಹತ್ರಾನೇ ಇರಲಿ, ಕ್ಲಬ್ ಆಫೀಸಿಗೆ ಜೆರಾಕ್ಸ್ ಕೊಡ್ರಿ. ಆದ್ರೆ ಸ್ಟಾಂಪ್ ಪೇಪರ್ ಮೇಲೆ "ಇಷ್ಟು ವರ್ಷ ಬೇರೆ ಕಡೆ ಆಡಲ್ಲ" ಅಂತ ಬಾಂಡ್ ಏನಾದ್ರೂ ಮುಂದಿಟ್ರೆ ಸಹಿ ಹಾಕಬೇಡ್ರಿ. 18 ತುಂಬದ ಮಗು ಮಾಡ್ಕೊಂಡ ಕರಾರಿಗೆ 1872ರ ಕರಾರು ಕಾಯ್ದೆ ಪ್ರಕಾರ ಬೆಲೆನೇ ಇಲ್ಲ, ಅದಕ್ಕೇ ಅಪ್ಪ ಅಮ್ಮನ ಸಹಿ ಕೇಳ್ತಾರೆ. ಖಾಲಿ ಫಾರಂ ಮೇಲೂ ಸಹಿ ಬೇಡ.

ಯಾವಾಗ ಮಾಡಬೇಕು ಅನ್ನೋದೂ ಒಂದು ವಿಷಯ. ನಮ್ಮ ಜಿಲ್ಲೆಯವರಿಗೆ ಇದರ ಅನುಭವ ಇದೆ. 1997ರಲ್ಲಿ ಚಿತ್ರದುರ್ಗದಿಂದ ದಾವಣಗೆರೆ ಬೇರೆ ಜಿಲ್ಲೆ ಆಯ್ತು, ಹರಪನಹಳ್ಳಿ ಬಳ್ಳಾರಿಯಿಂದ ನಮ್ಮ ಜೊತೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, ಆಮೇಲೆ ವಿಜಯನಗರ ಜಿಲ್ಲೆಗೆ. ಆದೇಶ ಬೆಂಗಳೂರಲ್ಲಿ ಆಗುತ್ತೆ, ನಿನ್ನೆ ತನಕ ದಾವಣಗೆರೆ ಜಿಲ್ಲಾ ಟೀಮಿಗೆ ಪ್ರಯತ್ನ ಪಡ್ತಿದ್ದ ಹುಡುಗ ಇವತ್ತು ಗುರುತೇ ಇಲ್ಲದವರ ಮುಂದೆ ಸೆಲೆಕ್ಷನ್‌ಗೆ ನಿಲ್ಲಬೇಕು. ಕ್ಲಬ್ ಮರ್ಜ್ ಅಷ್ಟು ದೊಡ್ಡದಲ್ಲ, ಆದ್ರೂ ಸೀಸನ್ ಮಧ್ಯೆ ಮಾಡಿದ್ರೆ ಹದಿನೇಳು ತುಂಬಿದ ಖೋಖೋ ಮಕ್ಕಳಿಗೆ ಅದೇ ಗತಿ, ಅವರಿಗೆ ಜೂನಿಯರ್‌ನಲ್ಲಿ ಇದೇ ಕೊನೇ ವರ್ಷ. ಏನೇ ಮಾಡೋದಿದ್ರೂ ಈ ಸೀಸನ್ ಮುಗಿದು, ಪರೀಕ್ಷೆ ಮುಗಿದು, ಬೇಸಿಗೆ ರಜದಲ್ಲಿ ಮಾಡ್ರಿ ಅಂತ ಕೇಳೋದರಲ್ಲಿ ಯಾರಿಗೂ ನಷ್ಟ ಇಲ್ಲ.

ನನ್ನ ಸಲಹೆ ಕೇಳಿದ್ರೆ, ಈಗ ಮರ್ಜ್ ಬೇಡ, ಒಂದು ವರ್ಷಕ್ಕೆ ಟೈ ಅಪ್ ಮಾಡ್ಕೊಳ್ರಿ. ಎರಡೂ ಸಂಘ ಅದರದರ ಹೆಸರಲ್ಲೇ ಇರಲಿ. ನಿಮ್ಮ ಜೂನಿಯರ್ ಮಕ್ಕಳು ವಾರದಲ್ಲಿ ಎರಡು ಮೂರು ದಿನ ಅವರ ಮ್ಯಾಟ್‌ಗೆ ಹೋಗ್ಲಿ, ಅದಕ್ಕೆ ಒಂದಿಷ್ಟು ಬಾಡಿಗೆ ಅಂತ ಕೊಟ್ರೂ ಪರವಾಗಿಲ್ಲ. ಅವರ ಕೋಚ್ ತಿಂಗಳಿಗೆ ಒಂದೆರಡು ಸಲ ಈ ಕಡೆ ಬಂದು ಚಿಕ್ಕ ಮಕ್ಕಳನ್ನ ನೋಡ್ಲಿ. ಚಿಕ್ಕವರು ಇಲ್ಲೇ ಮಣ್ಣಲ್ಲಿ ಆಡ್ಲಿ. ವರ್ಷ ಕಳೆದ ಮೇಲೆ ಎಷ್ಟು ಮಕ್ಕಳು ಉಳಿದ್ರು, ಎಷ್ಟು ಹುಡುಗಿಯರು ಬಿಟ್ರು ಅಂತ ಅಟೆಂಡೆನ್ಸ್ ಪುಸ್ತಕ ಮುಂದಿಟ್ಕೊಂಡು ಕೂತು ತೀರ್ಮಾನ ಮಾಡ್ರಿ. ದೊಡ್ಡ ಕ್ಲಬ್‌ನವರಿಗೆ ನಿಜವಾಗ್ಲೂ ಮಕ್ಕಳ ಮೇಲೆ ಆಸಕ್ತಿ ಇದ್ರೆ ಇದಕ್ಕೆ ಒಪ್ತಾರೆ. ಇಲ್ಲ, ಪೂರ್ತಿ ಸೇರಿದ್ರೆ ಮಾತ್ರ ಅಂದ್ರೆ, ಯಾಕೆ ಅಂತ ಕೇಳ್ರಿ, ಆ ಉತ್ತರದಲ್ಲಿ ಸುಮಾರು ವಿಷಯ ಹೊರಗೆ ಬರುತ್ತೆ.

ಮೀಟಿಂಗ್‌ಗೆ ಮುಂಚೆ ಐದಾರು ಜನ ಪೋಷಕರು ಸೇರಿ ಕಾರ್ಯದರ್ಶಿಗೆ ಒಂದು ಪತ್ರ ಕೊಡ್ರಿ, ಸ್ವೀಕೃತಿ ಸಹಿ ತಗೊಳ್ರಿ, ಪ್ರಶ್ನೆಗಳನ್ನ ಅದರಲ್ಲೇ ಬರೀರಿ. ಮೀಟಿಂಗಲ್ಲಿ ಆ ಪತ್ರ ಓದಿ ನಡಾವಳಿ ಪುಸ್ತಕದಲ್ಲಿ ದಾಖಲು ಮಾಡ್ರಿ ಅಂತ ಕೇಳ್ರಿ. ವಾಟ್ಸಾಪ್ ಗ್ರೂಪಲ್ಲಿ ಒಂದಕ್ಷರಾನೂ ಜಗಳ ಬೇಡ, ಅಲ್ಲಿ ಹಾಕಿದ್ದು ಸ್ಕ್ರೀನ್‌ಶಾಟ್ ಆಗಿ ಊರೆಲ್ಲಾ ಸುತ್ತುತ್ತೆ, ಕೊನೆಗೆ ಮಕ್ಕಳ ಮಧ್ಯೆನೇ ಒಡಕು ಬರುತ್ತೆ. ಅಧ್ಯಕ್ಷರನ್ನ ಕಳ್ಳರ ಥರ ನೋಡೋದೂ ಬೇಡ, ಇಷ್ಟು ವರ್ಷ ಕೈಯಿಂದ ದುಡ್ಡು ಹಾಕಿ ಕ್ಲಬ್ ನಡೆಸಿರ್ತಾರೆ, ಸುಸ್ತಾಗಿರ್ತಾರೆ ಪಾಪ, ಯಾರೋ ದೊಡ್ಡವರು ಬಂದು ಹೊರೆ ಇಳಿಸ್ತೀನಿ ಅಂದಾಗ ಯಾರಿಗಾದ್ರೂ ಹೂಂ ಅನ್ನಿಸುತ್ತೆ. "ನಾವು ನಾಲ್ಕು ಜನ ಕಮಿಟಿಗೆ ಬರ್ತೀವಿ, ಲೆಕ್ಕ ಬರೆಯೋದು ನಮಗೆ ಬಿಡ್ರಿ" ಅಂತ ನೀವೇ ಅಂದು ನೋಡ್ರಿ, ಎಷ್ಟೋ ಮರ್ಜ್ ಅಲ್ಲೇ ನಿಂತು ಹೋಗುತ್ತೆ. ಆದ್ರೆ ಅಂದ ಮೇಲೆ ಬರಬೇಕು, ಅದು ನಿಮ್ಮ ತಲೆ ಮೇಲಿರುತ್ತೆ.

ಮಗಳಿಗೆ ಏನು ಹೇಳೋದು ಅಂದ್ರಲ್ಲ. ಈಗಲೇ ಏನೂ ಹೇಳಬೇಡ್ರಿ, ಪ್ರಾಕ್ಟೀಸ್ ನಡೀತಾ ಇರಲಿ. ಆಗೋದಾದ್ರೆ ಒಂದು ವಾರ ಆ ದೊಡ್ಡ ಕ್ಲಬ್‌ಗೆ ಟ್ರಯಲ್ ಅಂತ ಕರ್ಕೊಂಡು ಹೋಗ್ರಿ, ಬಿಟ್ಟು ಬರಬೇಡ್ರಿ, ಕೂತು ನೋಡ್ರಿ: ಅವಳನ್ನ ಹೆಸರು ಹಿಡಿದು ಕರೆಯೋರು ಇದಾರಾ, ಎಷ್ಟು ಸಲ ಓಡೋಕೆ ಸಿಕ್ತು, ಬಿದ್ದಾಗ ಯಾರು ಬಂದ್ರು, ವಾಪಸ್ ಬರೋವಾಗ ಗಾಡಿ ಮೇಲೆ ಅವಳು ಮಾತಾಡ್ತಾ ಬಂದ್ಲಾ ಸುಮ್ನೆ ಬಂದ್ಲಾ. ಅಷ್ಟರೊಳಗೆ ನೀವು ಬೈಲಾ ನಕಲಿಗೆ ಅರ್ಜಿ ಹಾಕಿಬಿಡ್ರಿ, ಮೀಟಿಂಗ್‌ಗೆ ಒಂದೇ ತಿಂಗಳು ಇರೋದು, ಆಫೀಸಲ್ಲಿ ನಕಲು ಸಿಗೋಕೆ ಸ್ವಲ್ಪ ದಿನ ಹಿಡಿಯುತ್ತೆ. ಬಂದ ಮೇಲೆ ಸದಸ್ಯತ್ವ, ಸರ್ವ ಸಭೆಯ ನೋಟಿಸು, ಸಂಘದ ವಿಸರ್ಜನೆ ಅಂತ ಇರೋ ಮೂರು ಭಾಗ ಓದಿ, ಅರ್ಥ ಆಗದೇ ಇದ್ರೆ ಆ ಪುಟಗಳನ್ನ ಕಳಿಸಿ, ನೋಡಿ ಹೇಳ್ತೀನಿ.